‘ಸೊರಗಿದ್ದೀಯಲ್ಲ’ ಅನ್ನುವ ಮುಂಚೆ

ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ ಎಸ್‌ಎಸ್‌ಎನ್ (ಸೋಷಿಯಲ್ ಸೆಕ್ಯುರಿಟಿ ನಂಬರ್), ಬ್ಯಾಂಕ್ ಖಾತೆ, ಡ್ರೈವಿಂಗ್ ಲೈಸೆನ್ಸ್ ಎಲ್ಲ ಹೇಗೋ ಆಗಿಹೋಗುತ್ತವೆ. ಇನ್ನೊಬ್ಬರ ಮೈ, ಮುಖ ನೋಡಿ ಏನಾದರೂ ಅಂದುಬಿಡುವ ಬಾಯಿಯ ಅಭ್ಯಾಸ ಮಾತ್ರ ಬೇಗ ಬಿಡುವುದಿಲ್ಲ.

“ದಪ್ಪ ಆಗಿದ್ದೀರಿ” ಅನ್ನಬಾರದು ಅಂತ ಎಲ್ಲರಿಗೂ ಗೊತ್ತು. ನಾವು ಎಡವುವುದು “ಸಣ್ಣ ಆಗಿದ್ದೀರಲ್ಲ” ಅನ್ನುವಲ್ಲಿ, ಹೊಗಳುತ್ತಿದ್ದೇವೆ ಅಂದುಕೊಂಡೇ. ತೂಕ ಇಳಿದದ್ದು ಕಿಮೋಥೆರಪಿಯಿಂದಲೋ, ಮನೆ ಮುರಿದ ಕೊರಗಿನಿಂದಲೋ ಯಾರಿಗೆ ಗೊತ್ತು? “ಸುಸ್ತಾದಂತೆ ಕಾಣುತ್ತೀರಿ” ಅಂದರೆ ಇಲ್ಲಿನವರಿಗೆ ಅದು ಕಾಳಜಿಯಾಗಿ ಕೇಳಿಸದು, ಮುಖ ಚೆನ್ನಾಗಿಲ್ಲ ಅಂದಂತೆ ಕೇಳಿಸುತ್ತದೆ. ಹೊಟ್ಟೆ ನೋಡಿ “ವಿಶೇಷನಾ?” ಅನ್ನುವುದಂತೂ ಬೇಡವೇ ಬೇಡ. ಒಂಬತ್ತನೇ ತಿಂಗಳೇ ಆಗಿರಲಿ, ಅವರಾಗಿ ಹೇಳುವ ತನಕ ನಿಮ್ಮ ಕಣ್ಣಿಗೆ ಏನೂ ಬಿದ್ದಿಲ್ಲ.

ಆರಿಸಿಕೊಂಡದ್ದನ್ನು ಹೊಗಳಿ, ಹುಟ್ಟಿನಿಂದ ಬಂದದ್ದನ್ನು ಬಿಡಿ. ಹೊಸ ಕನ್ನಡಕ, ಶೂ, ಹೇರ್‌ಕಟ್ ಆಗಬಹುದು, ಅದೂ ಒಂದೇ ವಾಕ್ಯ. “ಎಷ್ಟಾಯ್ತು?” ಬೇಡ. ಆಫ್ರಿಕನ್ ಅಮೆರಿಕನ್ ಸಹೋದ್ಯೋಗಿಯ ಜಡೆಯನ್ನು ಕುತೂಹಲಕ್ಕೂ ಮುಟ್ಟಬೇಡಿ. ಕೂದಲಿನ ಕಾರಣಕ್ಕೆ ತಾರತಮ್ಯ ಸಲ್ಲದೆಂದು ಕ್ಯಾಲಿಫೋರ್ನಿಯಾ 2019ರಲ್ಲಿ ಕ್ರೌನ್ ಆ್ಯಕ್ಟ್ ತರಬೇಕಾಯಿತೆಂದರೆ ಆ ಗಾಯ ಎಷ್ಟು ಹಳೆಯದೋ ಊಹಿಸಿ. ಮಿಷಿಗನ್‌ನಲ್ಲಂತೂ ಎತ್ತರ, ತೂಕ ನೋಡಿ ಕೆಲಸದಲ್ಲಿ ಭೇದ ಮಾಡುವುದು 1976ರ ಕಾಯ್ದೆಯಿಂದಲೇ ನಿಷಿದ್ಧ. ಕನ್ನಡ ಯಾರಿಗೂ ತಿಳಿಯದು ಅನ್ನುವ ಧೈರ್ಯವೂ ಬೇಡ. ಲಿಫ್ಟಿನೊಳಗಿನ ಹರಟೆಯಲ್ಲಿ “ನೀಗ್ರೋ” ಅಂದರೆ ಅದಕ್ಕೆ ಅನುವಾದ ಬೇಕಿಲ್ಲ.

ಬಾಯಿ ಜಾರಿತೋ, ಒಂದೇ ಸಲ ಸಾರಿ ಹೇಳಿ ಮಾತು ಬದಲಿಸಿ. “ನಮ್ಮ ಕಡೆ ಇದೆಲ್ಲ ಮಾಮೂಲು” ಅಂತ ಶುರುಮಾಡಿದರೆ ನೊಂದವರೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ.

ಮನೆಯದು ಇನ್ನೂ ಕಷ್ಟ. ಊರಿಂದ ಬಂದ ಅಜ್ಜಿ ಏರ್‌ಪೋರ್ಟಿನಲ್ಲೇ “ಎಷ್ಟು ಕಪ್ಪಗಾಗಿದ್ದಾಳೆ ಮಗು” ಅನ್ನುತ್ತಾರೆ. ಅಲ್ಲಿಯ ಮಕ್ಕಳು ಇಂಥದ್ದನ್ನು ದಿನಕ್ಕೆ ಹತ್ತು ಸಲ ಕೇಳಿ ಉದುರಿಸಿಕೊಳ್ಳುತ್ತಾರೆ (ಹಾಗಂತ ನಾವು ನಂಬಿದ್ದೇವೆ). ಇಲ್ಲಿ ಬೆಳೆದವಳು ಮಾರನೇ ವಾರ ಈಜು ಕ್ಲಾಸು ಬೇಡ ಅನ್ನುತ್ತಾಳೆ. ಟಿಕೆಟ್ ಬುಕ್ ಮಾಡುವಾಗಲೇ ಫೋನಿನಲ್ಲಿ ಹೇಳಿಬಿಡಿ. ಮಗುವಿನ ಎದುರು ತಿದ್ದಿದರೆ ಅಜ್ಜಿ ಇರುವಷ್ಟು ದಿನವೂ ಮುದುಡಿಕೊಂಡೇ ಇರುತ್ತಾರೆ.

ಕಳೆದುಕೊಂಡದ್ದೂ ಇದೆ. ಊರಲ್ಲಿ “ಸೊರಗಿದ್ದೀಯಲ್ಲೋ” ಅಂದವರು ಅಷ್ಟಕ್ಕೇ ಬಿಡುತ್ತಿರಲಿಲ್ಲ, ಎಲೆ ಹಾಕಿ ಕೂರಿಸುತ್ತಿದ್ದರು. ಆ ಎರಡನೇ ಅರ್ಧವನ್ನು ಇಲ್ಲೂ ಇಟ್ಟುಕೊಳ್ಳಬಹುದು. ಪಕ್ಕದ ಸೀಟಿನವರು ಬಳಲಿದಂತೆ ಕಂಡರೆ ಮುಖದ ಸುದ್ದಿ ಎತ್ತದೆ ಡಬ್ಬಿಯ ಚಿತ್ರಾನ್ನ ಮುಂದಿಡಿ. ಕಡಲೆಬೀಜ ಹಾಕಿದ್ದರೆ ಮೊದಲೇ ಹೇಳಿ, ಅಲರ್ಜಿ ಇದ್ದೀತು.