ಮೈದಾನದಲ್ಲಿ ಒಳ್ಳೆ ಫೀಲ್ಡರ್‌ನ ಹುಡುಕೋದು ಹೇಗೆ: ಬಾಬಿ ವ್ಯಾಲೇಸ್ ದಾರಿ

ಬ್ಯಾಟಿಂಗ್ ನೋಡಿ ಹುಡುಗರನ್ನು ಆರಿಸುವುದು ಯಾರಿಗೂ ಬರುತ್ತೆ. ಸಿಕ್ಸ್ ಹೋದರೆ ಮೈದಾನಕ್ಕೆಲ್ಲ ಗೊತ್ತಾಗುತ್ತೆ, ಅಲ್ವಾ? ಮುಂಬೈಯಲ್ಲಿ ಕಾಲೇಜಿನ ಬೇಸ್‌ಬಾಲ್ ತಂಡಕ್ಕೆ ಇನ್‌ಫೀಲ್ಡರ್, ಅಂದರೆ ಓಟಗಾರ ಮುಟ್ಟಬೇಕಾದ ಬೇಸ್‌ಗಳ ಹತ್ತಿರ ನಿಂತು ಚೆಂಡು ಹಿಡಿಯುವವನು, ಬೇಕಾಗಿದ್ದರೆ ಬೇರೆ ಕಣ್ಣು ಬೇಕು.

ಅಮೆರಿಕದ ಬೇಸ್‌ಬಾಲ್ ಆಟಗಾರ ಬಾಬಿ ವ್ಯಾಲೇಸ್‌ಗೆ ಆ ಕಣ್ಣಿತ್ತು. 1894ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಬ್ಯಾಟರ್‌ಗೆ ಚೆಂಡೆಸೆಯುವ ಪಿಚರ್ ಆಗಿ ಶುರು ಮಾಡಿ, ಮೂರನೇ ಬೇಸ್‌ಗೆ ಬಂದು, ಕೊನೆಗೆ ಸೇಂಟ್ ಲೂಯಿಸ್‌ನಲ್ಲಿ ಶಾರ್ಟ್‌ಸ್ಟಾಪ್ ಆಗಿ, ಅಂದರೆ ಎರಡನೇ ಮತ್ತು ಮೂರನೇ ಬೇಸ್ ನಡುವೆ ನೆಲೆ ನಿಂತವನು. ರನ್ನರ್‌ಗಳು ಒಂದೇ ಹೆಜ್ಜೆಯ ಅಂತರದಲ್ಲಿ ತಪ್ಪಿಸಿಕೊಳ್ಳುತ್ತಿದ್ದುದನ್ನು ನೋಡಿ, ಚೆಂಡು ಹಿಡಿದು, ನೆಟ್ಟಗೆ ನಿಂತು, ಆಮೇಲೆ ಎಸೆಯುವುದನ್ನೇ ಬಿಟ್ಟ. ಎತ್ತುವುದೂ ಎಸೆಯುವುದೂ ಒಂದೇ ಓಟದಲ್ಲಿ. 1918ರವರೆಗೆ ಆಡಿದ. ನಡುವೆ ಮ್ಯಾನೇಜರ್ ಕೆಲಸ ಕೈಹಿಡಿಯಲಿಲ್ಲ, ಅಂಪೈರ್ ಕೂಡ ಆದ. 1927ರಿಂದ ಸಿನ್ಸಿನಾಟಿ ರೆಡ್ಸ್ ತಂಡಕ್ಕೆ ಸ್ಕೌಟ್, ಅಂದರೆ ಹೊಸ ಆಟಗಾರರನ್ನು ಹುಡುಕುವವನು. 1953ರಲ್ಲಿ ಬೇಸ್‌ಬಾಲ್‌ನ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಸೇರಿದ.

ಈಗ ನಿಮ್ಮ ಕೆಲಸ. ಭಾನುವಾರ ಬೆಳಿಗ್ಗೆ ಸಿಎಸ್‌ಎಂಟಿ ರೈಲು ನಿಲ್ದಾಣದಲ್ಲಿ ಇಳಿದು ಆಜಾದ್ ಮೈದಾನಕ್ಕೆ ಹೋಗಿ. ಒಂದರ ಮೈಮೇಲೆ ಇನ್ನೊಂದು ಕ್ರಿಕೆಟ್ ಮ್ಯಾಚ್ ನಡೀತಿರುತ್ತೆ, ನೆಲವೂ ಎಲ್ಲ ಕಡೆ ಸಮ ಇರಲ್ಲ, ನಮಗೆ ಬೇಕಾದ್ದೂ ಅದೇ. ಪಾಯಿಂಟ್, ಕವರ್‌ನಲ್ಲಿ ನಿಂತವರನ್ನು ಮಾತ್ರ ನೋಡಿ. ಸ್ಕೋರ್ ಮರೆತುಬಿಡಿ. ಬೌಲರ್ ಓಡಿ ಬರುವಾಗ ಹುಡುಗ ಎರಡು ಹೆಜ್ಜೆ ಮುಂದೆ ಬರ್ತಾನಾ, ಇಲ್ಲ ಸೊಂಟದ ಮೇಲೆ ಕೈಯಿಟ್ಟು ಸುಮ್ನೆ ನಿಂತಿರ್ತಾನಾ? ಚೆಂಡು ಗುಂಡಿಗೆ ಬಿದ್ದು ಎದೆಗೆ ಎಗರಿದಾಗ ಮುಖ ತಿರುಗಿಸಿದರೆ ಬೇರೆಯವನನ್ನು ನೋಡಿ.

ಆಮೇಲೆ ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಹಾಕಿ. ಚೆಂಡು ಕೈಗೆ ಬಿದ್ದಾಗ ಒತ್ತಿ, ಕೈಬಿಟ್ಟಾಗ ನಿಲ್ಲಿಸಿ. ಯಾಕೆ ಇಷ್ಟು ರಗಳೆ ಅಂದರೆ, ಬೇಸ್‌ಬಾಲ್‌ನಲ್ಲಿ ಮೊದಲ ಬೇಸ್ 90 ಅಡಿ ದೂರ. ಅಮೆರಿಕದ ಮೇಜರ್ ಲೀಗ್‌ನಲ್ಲಿ ಬಲಗೈ ಬ್ಯಾಟರ್ ಅಲ್ಲಿಗೆ ಓಡಲು ಸುಮಾರು 4.3 ಸೆಕೆಂಡು ತಗೊಳ್ತಾನೆ, ಅಷ್ಟರೊಳಗೆ ಫೀಲ್ಡರ್ ಎಸೆದ ಚೆಂಡು ಅಲ್ಲಿ ತಲುಪಬೇಕು. ಫೀಲ್ಡರ್ ಅರ್ಧ ಸೆಕೆಂಡು ತಡ ಮಾಡಿದರೆ ರನ್ನರ್ 10 ಅಡಿ ಮುಂದೆ. ತೋಳಿನ ಬಲ ಕಡಿಮೆ ಇದ್ದರೂ ನಡೆಯುತ್ತೆ, ಈ ತಡ ನಡೆಯಲ್ಲ.

ಕ್ರಿಕೆಟ್ ಹುಡುಗರಲ್ಲಿ ಒಂದು ತೊಡಕಿದೆ. ಬಲಗೈಯಲ್ಲೇ ಎತ್ತಿ ಎಸೆದು ರೂಢಿ. ಬೇಸ್‌ಬಾಲ್‌ನಲ್ಲಿ ಬಲಗೈಯವನ ಗ್ಲೌಸ್ ಎಡಗೈಗೆ, ಅಲ್ಲಿಂದ ಚೆಂಡನ್ನು ಬಲಗೈಗೆ ದಾಟಿಸಬೇಕು. ಇಷ್ಟವಾದ ಹುಡುಗನಿಗೆ ಗ್ಲೌಸ್ ಕೊಟ್ಟು, ಗೋಡೆಗೆ ಟೆನಿಸ್ ಬಾಲ್ ಹೊಡೆಸಿ ನೋಡಿ. ಮೊದಲು ತಡಕಾಡುತ್ತಾನೆ, ಪರವಾಗಿಲ್ಲ. ಕಾಲು ಚೆಂಡಿನ ಕಡೆ ಹೋಗುತ್ತಿದ್ದರೆ ಕೈ ಕಲಿಯುತ್ತೆ.

ಹೆಸರು ಬರೆದುಕೊಳ್ಳುವ ಮೊದಲು ಮನೆ ಎಲ್ಲಿ ಅಂತ ಕೇಳಿ. ದೂರದ ವಸಾಯಿಯಿಂದಲೋ ಡೊಂಬಿವಲಿಯಿಂದಲೋ ಬರುವವನಾದರೆ, ಬೆಳಿಗ್ಗೆ 6ರ ಪ್ರಾಕ್ಟೀಸ್‌ಗೆ ಯಾವ ಲೋಕಲ್ ರೈಲು ಹಿಡಿಯಬೇಕು ಅನ್ನುವುದನ್ನು ಅವನ ಅಮ್ಮನ ಹತ್ತಿರವೇ ಮಾತಾಡಿ.