ಉಚಿತ ಕಾನೂನು ನೆರವು: ಅರ್ಜಿಗಿಂತ ಮೊದಲು ಬರೆಯಬೇಕಾದ ಒಂದು ಪುಟ

ತಾಲ್ಲೂಕು ನ್ಯಾಯಾಲಯವೊಂದರ ಕಾನೂನು ನೆರವಿನ ಮೇಜಿನಲ್ಲಿ ಪ್ಯಾರಾ ಲೀಗಲ್ ಸ್ವಯಂಸೇವಕಿಯಾಗಿ, ಅಂದರೆ ನೆರವು ಪಡೆಯಲು ಜನರಿಗೆ ದಾರಿ ತೋರುವವಳಾಗಿ, ಕುಳಿತ ಮೊದಲ ವರ್ಷದಲ್ಲೇ, ಐವತ್ತರ ಆಸುಪಾಸಿನ ಒಬ್ಬ ತಾಯಿ ಬಟ್ಟೆಯಂಗಡಿಯ ಚೀಲದಿಂದ ಒಂದು ಸಮನ್ಸ್ ತೆಗೆದು ನನ್ನ ಮುಂದೆ ಇಟ್ಟರು. ತವರಿನ ಜಮೀನಿನ ಪಾಲಿನ ದಾವೆಯಲ್ಲಿ ಅವರು ಐದನೇ ಪ್ರತಿವಾದಿ. ಹಾಜರಾಗಬೇಕಿದ್ದ ದಿನ ಕಳೆದು ಆಗಲೇ ಹನ್ನೆರಡು ದಿನಗಳಾಗಿದ್ದವು. "ಇಷ್ಟು ದಿನ ಯಾಕಮ್ಮಾ ಬರಲಿಲ್ಲ?" ಎಂದು ಕೇಳಿದೆ. "ಕಾಗದಪತ್ರ ಎಲ್ಲಾ ಸರಿ ಮಾಡ್ಕೊಂಡೇ ಹೋಗ್ಬೇಕು ಅಂದ್ರು ಮೇಡಂ" ಎನ್ನುತ್ತಾ ಆದಾಯ ಪ್ರಮಾಣಪತ್ರವನ್ನು ಮುಂದೆ ಚಾಚಿದರು. ಅದಕ್ಕಾಗಿ ನಾಡಕಚೇರಿಗೆ ನಾಲ್ಕು ಸಲ ಅಲೆದಿದ್ದರು. ಮಹಿಳೆಯಾದ ಅವರಿಗೆ ಆ ಪ್ರಮಾಣಪತ್ರದ ಅಗತ್ಯವೇ ಇರಲಿಲ್ಲ. ಅವರು ಅಲೆಯುತ್ತಿದ್ದ ದಿನಗಳಲ್ಲಿ ನ್ಯಾಯಾಲಯ ಅವರನ್ನು ಏಕಪಕ್ಷೀಯವೆಂದು, ಅಂದರೆ ಹಾಜರಾಗದ ಪ್ರತಿವಾದಿಯೆಂದು, ದಾಖಲಿಸಿ ಅವರ ಮಾತು ಕೇಳದೆಯೇ ಪ್ರಕರಣವನ್ನು ಮುಂದಕ್ಕೆ ಒಯ್ದಿತ್ತು.

ಆ ಆದೇಶವನ್ನು ತೆರವು ಮಾಡಿಸಲು ಪ್ಯಾನಲ್ ವಕೀಲರು, ಅಂದರೆ ಕಾನೂನು ನೆರವಿನ ಪಟ್ಟಿಯಿಂದ ನೇಮಕವಾದ ವಕೀಲರು, ಪ್ರತ್ಯೇಕ ಅರ್ಜಿ ಹಾಕಬೇಕಾಯಿತು. ಇದೇ ತಪ್ಪು ಬೇರೆ ಬೇರೆ ರೂಪದಲ್ಲಿ ಮರುಕಳಿಸುವುದನ್ನು ಮುಂದೆ ಅನೇಕ ಸಲ ನೋಡಿದ್ದೇನೆ. ಆದ್ದರಿಂದ ನೆರವು ಪಡೆಯುವ ಕ್ರಮವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲನೆಯದು: ನೀವು ಅರ್ಹರೇ ಎಂದು ನೋಡಿಕೊಳ್ಳಿ

ಬಡತನದ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದು ಎಂಬ ಹೊಣೆಯನ್ನು ಸಂವಿಧಾನದ 39ಎ ವಿಧಿ ಸರ್ಕಾರದ ಮೇಲೆ ಹೊರಿಸಿದೆ. 1976ರ 42ನೇ ತಿದ್ದುಪಡಿಯಲ್ಲಿ ಈ ವಿಧಿ ಸೇರಿತು. ಅದನ್ನು ಕಾರ್ಯರೂಪಕ್ಕೆ ತಂದ 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮ ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಈ ಅಧಿನಿಯಮದ 12ನೇ ಕಲಂ ಅರ್ಹರನ್ನು ಹೆಸರಿಸುತ್ತದೆ. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು, ಮಹಿಳೆಯರು, ಮಕ್ಕಳು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಮಾನವ ಸಾಗಣೆಗೆ ಅಥವಾ ಬಿಟ್ಟಿ ಚಾಕರಿಗೆ ಸಿಲುಕಿದವರು, ನೆರೆ, ಬರ, ಭೂಕಂಪ, ಜಾತಿ ದೌರ್ಜನ್ಯ ಮುಂತಾದವುಗಳ ಸಂತ್ರಸ್ತರು ಹಾಗೂ ಬಂಧನದಲ್ಲಿರುವವರು ಆದಾಯ ಎಷ್ಟೇ ಇದ್ದರೂ ಅರ್ಹರು. ಇವರಲ್ಲಿ ಯಾರೂ ಆದಾಯ ಪ್ರಮಾಣಪತ್ರದ ಬೆನ್ನು ಹತ್ತಬೇಕಾಗಿಲ್ಲ.

ಈ ಪಟ್ಟಿಯಲ್ಲಿ ಇಲ್ಲದವರಿಗೆ ಮಾತ್ರ ಆದಾಯದ ಮಿತಿ ಅನ್ವಯಿಸುತ್ತದೆ. ಕರ್ನಾಟಕದಲ್ಲಿ ಅದು ವರ್ಷಕ್ಕೆ 3 ಲಕ್ಷ ರೂಪಾಯಿ, ಸುಪ್ರೀಂ ಕೋರ್ಟಿನ ಪ್ರಕರಣಗಳಿಗೆ 5 ಲಕ್ಷ ರೂಪಾಯಿ. ಅವರ ವಿಷಯದಲ್ಲಿಯೂ, ಆದಾಯದ ಬಗ್ಗೆ ಅರ್ಜಿದಾರರು ಸಲ್ಲಿಸುವ ಪ್ರಮಾಣಪತ್ರವನ್ನು, ಅಂದರೆ ಅಫಿಡವಿಟ್ಟನ್ನು, ಸಂಶಯಕ್ಕೆ ಕಾರಣವಿಲ್ಲದಿದ್ದರೆ ಸಾಕೆಂದು ಪರಿಗಣಿಸಬಹುದು ಎಂದು 13ನೇ ಕಲಂ ಹೇಳುತ್ತದೆ. ಯಾವುದೋ ದಾಖಲೆ ಕೈಯಲ್ಲಿಲ್ಲ ಎಂಬ ಕಾರಣಕ್ಕೆ ಮನೆಯಲ್ಲಿ ಕೂರಬೇಡಿ. ಇದ್ದ ಕಾಗದದೊಂದಿಗೆ ಬನ್ನಿ, ಇಲ್ಲದ್ದನ್ನು ಆಮೇಲೆ ತಂದುಕೊಡಬಹುದು.

ಎರಡನೆಯದು: ಎಲ್ಲಿಗೆ ಹೋಗಬೇಕು

ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿ, ಜಿಲ್ಲಾ ಕೇಂದ್ರದಲ್ಲಿ ಜಿಲ್ಲಾ ಪ್ರಾಧಿಕಾರ, ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ತಮ್ಮದೇ ಸಮಿತಿಗಳು ಇವೆ. ಎಲ್ಲಿಗೆ ಎಂದು ತಿಳಿಯದಿದ್ದರೆ 15100ಕ್ಕೆ ಕರೆ ಮಾಡಿ. ಈ ವ್ಯವಸ್ಥೆ ದೇಶದ ಎಲ್ಲ ರಾಜ್ಯಗಳಲ್ಲಿಯೂ ಇರುವುದರಿಂದ ಸೊಲ್ಲಾಪುರದಲ್ಲೋ ಮುಂಬೈಯಲ್ಲೋ ದುಡಿಯುತ್ತಿರುವ ಕನ್ನಡಿಗರು ಅಲ್ಲಿನ ಪ್ರಕರಣಕ್ಕೆ ಅಲ್ಲಿಯೇ ನೆರವು ಕೇಳಬಹುದು. ರಾಷ್ಟ್ರೀಯ ಪ್ರಾಧಿಕಾರವಾದ ನಾಲ್ಸಾದ ಜಾಲತಾಣದಲ್ಲಿಯೂ ಅರ್ಜಿ ಹಾಕಬಹುದು. ಆದರೂ ನಡೆದು ಹೋಗುವಷ್ಟು ಶಕ್ತಿ ಇದ್ದವರು ಮುಖತಃ ಹೋಗುವುದೇ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಎದುರಿಗೆ ಕೂತು ಕೇಳಿದಾಗ ಹೊರಬರುವ ಸಂಗತಿಗಳು ಪರದೆಯ ಮೇಲಿನ ಖಾನೆಗಳಲ್ಲಿ ಬರುವುದಿಲ್ಲ.

ನ್ಯಾಯಾಲಯದ ಗೇಟಿನ ಹೊರಗೆ ಬೆರಳಚ್ಚು ಮಾಡಿಕೊಡುವ ಕೆಲವರು ಸಿದ್ಧ ಅರ್ಜಿ ನಮೂನೆಯನ್ನು ಹಣಕ್ಕೆ ಮಾರುತ್ತಾರೆ, ಛಾಪಾ ಕಾಗದದ ಮೇಲೆಯೇ ಅರ್ಜಿ ಬರೆಯಬೇಕೆಂದೂ ಹೇಳುತ್ತಾರೆ. ಎರಡೂ ಅನಗತ್ಯ. ನಮೂನೆ ಕಚೇರಿಯಲ್ಲಿ ಉಚಿತವಾಗಿ ಸಿಗುತ್ತದೆ ಮತ್ತು ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ಬರೆದ ಅರ್ಜಿಯೂ ನಡೆಯುತ್ತದೆ. ಓದು ಬರಹ ಬಾರದವರ ಮಾತನ್ನು ಕೇಳಿ ಬರೆದುಕೊಂಡು ಹೆಬ್ಬೆಟ್ಟಿನ ಗುರುತು ಪಡೆಯುವುದು ಸಿಬ್ಬಂದಿಯ ಮತ್ತು ಸ್ವಯಂಸೇವಕರ ಕರ್ತವ್ಯ.

ಮೂರನೆಯದು: ಸಂಗತಿಗಳ ಪುಟ

ಎಲ್ಲರೂ ಎಡವುವುದು ಇಲ್ಲಿ. ಅರ್ಜಿ ನಮೂನೆಯಲ್ಲಿ ಪ್ರಕರಣದ ವಿವರಕ್ಕೆ ಇರುವ ಜಾಗ ಚಿಕ್ಕದು, ಅಲ್ಲಿ ಹೆಚ್ಚಿನವರು "ನನಗೆ ಅನ್ಯಾಯವಾಗಿದೆ, ನ್ಯಾಯ ದೊರಕಿಸಿಕೊಡಬೇಕು" ಎಂದು ಬರೆದು ಸಹಿ ಮಾಡುತ್ತಾರೆ. ನೇಮಕವಾಗುವ ವಕೀಲರಿಗೆ ಮೊದಲು ತಲುಪುವುದು ಇಷ್ಟೇ. ಒಂದೇ ದಿನ ಅನೇಕ ಪ್ರಕರಣಗಳನ್ನು ನೋಡುವ ವಕೀಲರ ಕೈಗೆ ಮೊದಲ ದಿನವೇ ಪ್ರಕರಣದ ಎಲುಬು ಸಿಗಬೇಕು. ಅದಕ್ಕಾಗಿ ಅರ್ಜಿಯ ಜೊತೆಗೆ ಪ್ರತ್ಯೇಕವಾಗಿ ಒಂದು ಪುಟ ಬರೆಯಿರಿ, ಅಥವಾ ನಂಬಿಕೆಯವರಿಂದ ಬರೆಸಿರಿ.

ಪುಟದ ತಲೆಯ ಮೇಲೆ ಮುಂದಿನ ದಿನಾಂಕ ಇರಲಿ. ಸಮನ್ಸ್ ಅಥವಾ ನೋಟಿಸು ಬಂದಿದ್ದರೆ ಯಾವ ನ್ಯಾಯಾಲಯ, ಯಾವ ಪ್ರಕರಣ ಸಂಖ್ಯೆ, ಎಂದು ಹಾಜರಾಗಬೇಕು ಎಂಬುದನ್ನು ದಪ್ಪಕ್ಷರದಲ್ಲಿ ಬರೆದು, ಅದರ ಕೆಳಗೆ ಕಾಗದ ನಿಮ್ಮ ಕೈಸೇರಿದ ದಿನವನ್ನು ನಮೂದಿಸಿ. ಸಿವಿಲ್ ದಾವೆಯಲ್ಲಿ ಸಮನ್ಸ್ ಕೈಸೇರಿದ 30 ದಿನಗಳೊಳಗೆ ಲಿಖಿತ ಹೇಳಿಕೆ, ಅಂದರೆ ದಾವೆಗೆ ಪ್ರತಿವಾದಿಯ ಉತ್ತರ, ಸಲ್ಲಿಸಬೇಕೆಂಬ ನಿಯಮವಿದೆ, ಕಾರಣ ತೋರಿಸಿದರೆ ನ್ಯಾಯಾಲಯ ಅದನ್ನು 90 ದಿನಗಳವರೆಗೆ ವಿಸ್ತರಿಸಬಹುದು. ಅಂಚೆಯಲ್ಲಿ ಬಂದಿದ್ದರೆ ಲಕೋಟೆಯನ್ನು ಎಸೆಯಬೇಡಿ. ಅದರ ಮೇಲಿನ ಅಂಚೆ ಮುದ್ರೆಯೇ ಕೈಸೇರಿದ ದಿನಕ್ಕೆ ಸಾಕ್ಷಿಯಾಗಬಹುದು.

ಆನಂತರ ಯಾರು ಯಾರಿಗೆ ಏನಾಗಬೇಕು ಎಂಬುದನ್ನು ಬರೆಯಿರಿ. ಜಮೀನಿನ ಪ್ರಕರಣವಾದರೆ ಕೈಯಿಂದಲೇ ವಂಶವೃಕ್ಷ ಎಳೆದು, ತೀರಿಕೊಂಡವರ ಹೆಸರಿನ ಮುಂದೆ ತೀರಿಕೊಂಡ ವರ್ಷ ಹಾಕಿ. "ದೊಡ್ಡಪ್ಪನ ಕಡೆಯವರು" ಎಂದು ಬರೆದರೆ ವಕೀಲರಿಗೆ ಏನೂ ತಿಳಿಯುವುದಿಲ್ಲ.

ಮೂರನೆಯ ಭಾಗ ಘಟನೆಗಳದ್ದು. ದಿನಾಂಕದ ಕ್ರಮದಲ್ಲಿ, ಒಂದು ಘಟನೆಗೆ ಒಂದೇ ಸಾಲು: ಎಂದು, ಏನಾಯಿತು, ಯಾರು ನೋಡಿದರು, ಯಾವ ಕಾಗದದಲ್ಲಿದೆ. "ಅಣ್ಣಂದಿರು ಮೊದಲಿನಿಂದಲೂ ಮೋಸ ಮಾಡುತ್ತಲೇ ಬಂದಿದ್ದಾರೆ" ಎಂಬ ಸಾಲಿನಿಂದ ಪ್ರಕರಣ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. "2011ರ ಮೇ ತಿಂಗಳಲ್ಲಿ ತಂದೆ ತೀರಿಕೊಂಡರು. ಮರುವರ್ಷ ಪಹಣಿಯಲ್ಲಿ ಇಬ್ಬರು ಅಣ್ಣಂದಿರ ಹೆಸರು ಮಾತ್ರ ಬಂತು. ನನಗೆ ನೋಟಿಸು ಬರಲಿಲ್ಲ" ಎಂದು ಬರೆದರೆ ವಕೀಲರು ಅಲ್ಲಿಂದಲೇ ಕೆಲಸ ಶುರು ಮಾಡಬಹುದು. ದಿನಾಂಕ ನೆನಪಿಲ್ಲದಿದ್ದರೆ ಊಹಿಸಿ ಬರೆಯಬೇಡಿ. "ದೊಡ್ಡ ಮಗಳ ಮದುವೆಯ ಹಿಂದಿನ ಯುಗಾದಿಗೆ" ಎಂದು ನೆನಪಿದ್ದ ಹಾಗೆಯೇ ಬರೆಯಿರಿ, ವರ್ಷವನ್ನು ಮದುವೆಯ ಲಗ್ನಪತ್ರಿಕೆಯಿಂದ ಹುಡುಕಬಹುದು.

ವರ್ಷಕ್ಕೆ ಇಷ್ಟೇಕೆ ಒತ್ತು ಕೊಡುತ್ತಿದ್ದೇನೆಂದರೆ, ಒಂದು ವರ್ಷದ ವ್ಯತ್ಯಾಸದಿಂದ ಹಕ್ಕೇ ಬದಲಾಗಬಹುದು. ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದು, ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರದ ಮೂಲಕ ಅಥವಾ ನ್ಯಾಯಾಲಯದ ಡಿಕ್ರಿಯ, ಅಂದರೆ ಅಂತಿಮ ಆದೇಶದ, ಮೂಲಕ ವಿಭಾಗ ಆಗಿಹೋಗಿದ್ದರೆ ಅದು ಹಾಗೆಯೇ ಉಳಿಯುತ್ತದೆ. ಹೀಗಿರುವಾಗ "ಸುಮಾರು ಇಪ್ಪತ್ತು ವರ್ಷದ ಹಿಂದೆ ಭಾಗ ಆಯಿತು" ಎಂಬ ಸಾಲನ್ನು ಹಿಡಿದುಕೊಂಡು ವಕೀಲರು ಏನು ತಾನೆ ಮಾಡಿಯಾರು?

ನಿಮಗೆ ಪ್ರತಿಕೂಲವಾದ ಸಂಗತಿಯನ್ನೂ ಈ ಭಾಗದಲ್ಲಿಯೇ ಬರೆಯಬೇಕು. ಮೇಲೆ ಹೇಳಿದ ತಾಯಿ ಮೂರನೆಯ ಸಲ ಬಂದಾಗ, ತುಂಬಾ ಹೊತ್ತು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಕುಳಿತಿದ್ದು, "ಒಂದ್ಸಲ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರ್ಕೊಂಡು ಹೋಗಿ ಸೈನ್ ಹಾಕಿಸ್ಕೊಂಡಿದ್ರು. ಸಾಲಕ್ಕೆ ಅಂದಿದ್ರು" ಎಂದರು. ಅದು ಹಕ್ಕು ಬಿಡುಗಡೆ ಪತ್ರವಾಗಿತ್ತು. ಸಕಾಲದಲ್ಲಿ ಹೇಳಿದ್ದರಿಂದ ವಕೀಲರು ಅದರ ನಕಲನ್ನು ತರಿಸಿ, ಮೋಸದಿಂದ ಪಡೆದ ಸಹಿ ಎಂಬ ವಾದವನ್ನು ಲಿಖಿತ ಹೇಳಿಕೆಯಲ್ಲಿಯೇ ಸೇರಿಸಿದರು. ಇಂಥದ್ದು ಮೊದಲ ಬಾರಿಗೆ ಪಾಟೀ ಸವಾಲಿನಲ್ಲಿ ಎದುರಾಳಿಯ ವಕೀಲರ ಬಾಯಿಂದ ಹೊರಬಂದರೆ ನಿಮ್ಮ ಉಳಿದ ಸತ್ಯಗಳ ಮೇಲೂ ಸಂಶಯ ಬೀಳುತ್ತದೆ. ನೀವು ಎಲ್ಲಿ ಸಹಿ ಹಾಕಿದ್ದೀರಿ, ಯಾರಿಂದ ಎಷ್ಟು ಹಣ ಪಡೆದಿದ್ದೀರಿ, ಇದಕ್ಕೆ ಮೊದಲು ಯಾವ ದೂರು ಕೊಟ್ಟು ಹಿಂಪಡೆದಿದ್ದೀರಿ ಎಂಬುದೆಲ್ಲ ಈ ಪುಟದಲ್ಲಿ ಇರಲಿ.

ಕೊನೆಯಲ್ಲಿ ನಿಮಗೆ ಏನು ಬೇಕು ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಪಾಲು ಬೇಕೋ, ತಿಂಗಳ ಜೀವನಾಂಶ ಬೇಕೋ, ಕೂಲಿ ಬಾಕಿ ಬೇಕೋ, ಮನೆಯಿಂದ ಹೊರಹಾಕದಂತೆ ತಡೆಯಾಜ್ಞೆ ಬೇಕೋ ಸ್ಪಷ್ಟವಾಗಲಿ.

ಈ ಪುಟವನ್ನು ಬಾಲ್ ಪೆನ್ನಿನಲ್ಲಿ ಬರೆಯಿರಿ, ಜೆಲ್ ಪೆನ್ನಿನ ಅಕ್ಷರ ಒಂದು ಹನಿ ನೀರಿಗೆ ಕದಡುತ್ತದೆ. ದಾಖಲೆಗಳಿಗೆ ಲ್ಯಾಮಿನೇಷನ್ ಮಾತ್ರ ಎಂದೂ ಮಾಡಿಸಬೇಡಿ. ಹಳೆಯ ಕ್ರಯಪತ್ರಕ್ಕೆ ಪ್ಲಾಸ್ಟಿಕ್ ಅಂಟಿಸಿ ತಂದವರನ್ನು ನೋಡಿ ಮರುಗಿದ್ದೇನೆ, ಏಕೆಂದರೆ ಅಂಥ ದಾಖಲೆಯ ಕಾಗದವನ್ನೂ ಮುದ್ರೆಯನ್ನೂ ಸರಿಯಾಗಿ ಪರಿಶೀಲಿಸಲಾಗದು, ಪ್ಲಾಸ್ಟಿಕ್ ಬಿಡಿಸಲು ಹೋದರೆ ದಾಖಲೆಯೇ ಹರಿಯುತ್ತದೆ. ಅಗ್ಗದ ಪಾರದರ್ಶಕ ಕವರುಗಳೂ ಕೆಟ್ಟವೇ, ಬಿಸಿಲಿನ ದಿನಗಳಲ್ಲಿ ಜೆರಾಕ್ಸ್ ಪ್ರತಿಯ ಅಕ್ಷರಗಳು ಅವಕ್ಕೆ ಅಂಟಿಕೊಂಡು ಎದ್ದುಬರುತ್ತವೆ. ದಾರ ಕಟ್ಟುವ ರಟ್ಟಿನ ಫೈಲು ಸಾಕು.

ಒಂದು ಅಪವಾದವಿದೆ. ಬಂಧನವಾಗಿದ್ದರೆ ಅಥವಾ ಮನೆಯಲ್ಲಿ ಹೊಡೆತ ಬಿದ್ದು ಜೀವಕ್ಕೆ ಅಪಾಯವಿದ್ದರೆ ಈ ಪುಟಕ್ಕಾಗಿ ಕಾಯಲೇಬಾರದು. ಬಂಧಿತರನ್ನು ಮೊದಲ ಸಲ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದಾಗಿನಿಂದಲೇ ಉಚಿತ ವಕೀಲರ ಹಕ್ಕು ಇದೆ ಎಂದು ಬಿಹಾರದ ಖತ್ರಿ ಪ್ರಕರಣದಲ್ಲಿ 1980ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆರೋಪಿ ತಾನಾಗಿ ಕೇಳಲಿಲ್ಲ ಎಂಬ ಕಾರಣಕ್ಕೆ ಆ ಹಕ್ಕು ತಪ್ಪುವುದಿಲ್ಲ ಎಂದು 1986ರಲ್ಲಿ ಸುಖ್ ದಾಸ್ ಪ್ರಕರಣದಲ್ಲಿ ತೀರ್ಪಾಗಿದೆ. "ನನಗೆ ವಕೀಲರಿಲ್ಲ, ಕಾನೂನು ನೆರವು ಬೇಕು" ಎಂದು ನ್ಯಾಯಾಧೀಶರಿಗೆ ಬಾಯಿಮಾತಿನಲ್ಲಿ ಹೇಳಿದರೆ ಸಾಕು.

ನಾಲ್ಕನೆಯದು: ಸಲ್ಲಿಸುವುದು

ಎರಡು ಪ್ರತಿ ಕೊಂಡೊಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ದಿನಾಂಕವಿರುವ ಮುದ್ರೆ ಹಾಕಿಸಿಕೊಳ್ಳಿ. ಅರ್ಜಿ ತಲುಪಿದ 7 ದಿನಗಳೊಳಗೆ ತೀರ್ಮಾನವಾಗಬೇಕು ಎಂದು ನಾಲ್ಸಾದ 2010ರ ನಿಯಮಾವಳಿ ಹೇಳುತ್ತದೆ. ವಾಯಿದೆ, ಅಂದರೆ ನ್ಯಾಯಾಲಯಕ್ಕೆ ಹಾಜರಾಗಬೇಕಾದ ದಿನ, ಅದಕ್ಕಿಂತ ಮೊದಲೇ ಇದ್ದರೆ ಅದನ್ನು ಬಾಯಿಬಿಟ್ಟು ಹೇಳಿ. ಅರ್ಜಿ ತಿರಸ್ಕೃತವಾದರೆ ಆ ಕಾನೂನು ಸೇವೆಗಳ ಸಂಸ್ಥೆಯ ಅಧ್ಯಕ್ಷರಿಗೆ ಮೇಲ್ಮನವಿ ಸಲ್ಲಿಸಬಹುದು.

ಐದನೆಯದು: ವಕೀಲರು ನೇಮಕವಾದ ಮೇಲೆ

ನೇಮಕಾತಿ ಪತ್ರದ ಪ್ರತಿ ಪಡೆದು ಅದೇ ವಾರ ವಕೀಲರನ್ನು ಭೇಟಿಯಾಗಿ ವಕಾಲತ್ತಿಗೆ, ಅಂದರೆ ನಿಮ್ಮ ಪರವಾಗಿ ವಾದಿಸಲು ವಕೀಲರಿಗೆ ಅಧಿಕಾರ ಕೊಡುವ ಪತ್ರಕ್ಕೆ, ಸಹಿ ಹಾಕಿ. ನ್ಯಾಯಾಲಯದ ಶುಲ್ಕ, ಸಮನ್ಸ್ ಜಾರಿ ಶುಲ್ಕ, ದೃಢೀಕೃತ ನಕಲುಗಳು, ದಾಖಲೆಗಳ ಅನುವಾದ ಇವೆಲ್ಲವೂ ನೆರವಿನೊಳಗೆ ಬರುತ್ತವೆ. ಆದ್ದರಿಂದ ಪ್ಯಾನಲ್ ವಕೀಲರು ನಿಮ್ಮಿಂದ ಯಾವ ರೂಪದಲ್ಲಿಯೂ ಹಣ ಕೇಳುವಂತಿಲ್ಲ. ಕೇಳಿದರೆ, ಅಥವಾ ಒಂದರ ಮೇಲೊಂದು ವಾಯಿದೆಗೆ ಬಾರದಿದ್ದರೆ, ದಿನಾಂಕಗಳನ್ನು ನಮೂದಿಸಿ ಕಾರ್ಯದರ್ಶಿಯವರಿಗೆ ಲಿಖಿತವಾಗಿ ತಿಳಿಸಿ. ಪ್ರಕರಣವನ್ನು ಬೇರೆಯವರಿಗೆ ವಹಿಸುವ ಅಧಿಕಾರ ಸಂಸ್ಥೆಗೆ ಇದೆ. ಮನಸ್ಸಿಟ್ಟು ದುಡಿಯುವ ಪ್ಯಾನಲ್ ವಕೀಲರನ್ನು ನಾನು ಸಾಕಷ್ಟು ಕಂಡಿದ್ದೇನೆ, ಅವರಿಗೂ ವಾಯಿದೆಯ ದಿನ ಕಕ್ಷಿದಾರರು ಎದುರಿಗಿದ್ದರೆ ಕೆಲಸ ಹಗುರವಾಗುತ್ತದೆ. ಪ್ರತಿ ವಾಯಿದೆಯ ಮುಂದೆ ಏನು ನಡೆಯಿತು, ಮುಂದಿನ ತಾರೀಖು ಯಾವುದು ಎಂದು ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ.

ಪ್ರಕರಣ ರಾಜಿಯ ಮೂಲಕ ವ್ಯಾಜ್ಯ ಮುಗಿಸುವ ಲೋಕ ಅದಾಲತ್‌ಗೆ ಹೋದರೆ ಎಚ್ಚರ ಇರಲಿ. ಅಲ್ಲಿ ಆಗುವ ರಾಜಿಗೆ ಸಿವಿಲ್ ಡಿಕ್ರಿಯ ಬಲವಿದೆ, ಕಟ್ಟಿದ ನ್ಯಾಯಾಲಯ ಶುಲ್ಕವೂ ಮರಳುತ್ತದೆ. ಆದರೆ ಅದರ ವಿರುದ್ಧ ಮೇಲ್ಮನವಿ ಇಲ್ಲ. ಎರಡೂ ಕಡೆಯವರು ಒಪ್ಪಿದರಷ್ಟೇ ರಾಜಿ, ಒಪ್ಪದಿದ್ದರೆ ಪ್ರಕರಣ ಮೊದಲಿನ ನ್ಯಾಯಾಲಯಕ್ಕೇ ಮರಳುತ್ತದೆ. ಹಣ ಎಷ್ಟು, ಎಂದು ಕೊಡುತ್ತಾರೆ, ಕೊಡದಿದ್ದರೆ ಏನು ಎಂಬುದನ್ನು ಓದಿಸಿ ಕೇಳುವವರೆಗೆ ಸಹಿ ಹಾಕಬೇಡಿ. ಆ ದಿನ ಗದ್ದಲ ಎಷ್ಟೇ ಇರಲಿ, ಓದಿ ಹೇಳಿ ಎಂದು ಕೇಳಲು ಸಂಕೋಚ ಬೇಡ.

ತೀರ್ಪು ವಿರುದ್ಧವಾಗಿ ಬಂದರೆ ಅಂದೇ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಸಿವಿಲ್ ಮೇಲ್ಮನವಿಗೆ ಜಿಲ್ಲಾ ನ್ಯಾಯಾಲಯದಲ್ಲಿ 30 ದಿನ, ಹೈಕೋರ್ಟಿನಲ್ಲಿ 90 ದಿನಗಳ ಕಾಲಮಿತಿ ಇದೆ, ನಕಲು ಸಿದ್ಧವಾಗಲು ಹಿಡಿದ ದಿನಗಳನ್ನು ಆ ಲೆಕ್ಕಕ್ಕೆ ಸೇರಿಸುವುದಿಲ್ಲ. ಕೆಳಗಿನ ನ್ಯಾಯಾಲಯದಲ್ಲಿ ಸಿಕ್ಕ ನೆರವು ತಾನಾಗಿಯೇ ಮುಂದುವರಿಯುತ್ತದೆ ಎಂದು ತಿಳಿಯದೆ, ಮೇಲಿನ ನ್ಯಾಯಾಲಯದ ಪ್ರಾಧಿಕಾರಕ್ಕೆ ಅಥವಾ ಸಮಿತಿಗೆ ಹೊಸ ಅರ್ಜಿ ಕೊಡಿ. ಮೊದಲು ಬರೆದಿದ್ದ ಸಂಗತಿಗಳ ಪುಟದ ನಕಲನ್ನು ಅದಕ್ಕೆ ಲಗತ್ತಿಸಿ, ಅದರ ತಲೆಯ ಮೇಲಿನ ಹಳೆಯ ವಾಯಿದೆಯನ್ನು ಹೊಡೆದು ಹಾಕಿ, ಆ ಜಾಗದಲ್ಲಿ ಮೇಲ್ಮನವಿಯ ಕೊನೆಯ ದಿನಾಂಕವನ್ನು ಬರೆಯಿರಿ.