‘ಆಂಟಿ’ ಅನ್ನುವ ಮುಂಚೆ: ಅಟ್ಲಾಂಟಾದಲ್ಲಿ ಚರ್ಚು ಹುಡುಕುತ್ತಿರುವವರಿಗೆ

ಅಮೆರಿಕದ ಅಟ್ಲಾಂಟಾಕ್ಕೆ ಬಂದ ನಮ್ಮ ಕನ್ನಡದವರು ಇನ್ನೂ ಪೆಟ್ಟಿಗೆ ಬಿಚ್ಚಿರುವುದಿಲ್ಲ, ಆಗಲೇ ಭಾನುವಾರ ಯಾವ ಚರ್ಚಿಗೆ ಹೋಗೋದು ಅಂತ ಫೋನ್ ಮಾಡುತ್ತಾರೆ. ನಾನು ಬಂದು ಹತ್ತೊಂಬತ್ತು ವರ್ಷವಾಯಿತು, ಹಾಗಾಗಿ ನನ್ನನ್ನೇ ಕೇಳುತ್ತಾರೆ. ಕಾಗದಪತ್ರದ ವಿಷಯ ಮೊದಲೇ ಮುಗಿಸಿಬಿಡುತ್ತೇನೆ: ಊರಿನ ಸಭಾಪಾಲಕರಿಂದ ಸದಸ್ಯತ್ವದ ಪತ್ರ, ದೀಕ್ಷಾಸ್ನಾನದ ಸರ್ಟಿಫಿಕೇಟು ತನ್ನಿ, ಸಾಕು.

ಇಲ್ಲಿ ಮಲಯಾಳಿ, ತೆಲುಗು, ತಮಿಳು ಸಭೆಗಳಿವೆ. ಕನ್ನಡದವರು ನಾವು ಕಡಿಮೆ. ಮನೆಗೆ ಹತ್ತಿರ ಅಂತ ನಾವು ಹೋಗತೊಡಗಿದ ಚರ್ಚಿನಲ್ಲಿ ಅರ್ಧ ಜನ ಬಿಳಿಯರು, ಹೆಚ್ಚುಕಮ್ಮಿ ಅರ್ಧ ಜನ ಆಫ್ರಿಕನ್ ಅಮೆರಿಕನ್ನರು, ನಡುವೆ ನಾಲ್ಕೈದು ನೈಜೀರಿಯಾದ ಮನೆಯವರು, ಮೆಕ್ಸಿಕೋದವರು, ಈಗ ನಾವು. ಎಲ್ಲರೂ ಒಂದೇ ಸಭೆಯಾಗಿ ಬಾಳಬೇಕು ಅಂತ ಅವರು ಬೇಕೆಂದೇ ಸೇರಿಕೊಂಡಿದ್ದರು. ಅದು ಎಷ್ಟು ಕಷ್ಟದ ಕೆಲಸ ಅಂತ ನನಗೆ ಗೊತ್ತಿರಲಿಲ್ಲ.

ಮೊದಲ ತಿಂಗಳು. ಆರಾಧನೆ ಮುಗಿದ ಮೇಲೆ ಊಟ. ಎಪ್ಪತ್ತರ ಹತ್ತಿರದ ಒಬ್ಬ ಕಪ್ಪು ಅಮ್ಮ ದೊಡ್ಡ ಪಾತ್ರೆಯಿಂದ ಬೇಯಿಸಿದ ಸೊಪ್ಪು ಬಡಿಸುತ್ತಿದ್ದರು. ತಟ್ಟೆ ಒಡ್ಡಿ, ಊರಿನ ರೂಢಿಯಂತೆ ಪ್ರೀತಿಯಿಂದಲೇ "ಥ್ಯಾಂಕ್ಯೂ ಆಂಟಿ" ಅಂದೆ. ಸೌಟು ಪಾತ್ರೆಯ ಅಂಚಿನಲ್ಲೇ ನಿಂತಿತು. ಸೊಪ್ಪಿನ ನೀರು ತೊಟ್ಟು ತೊಟ್ಟಾಗಿ ಒಳಗೆ ಬೀಳುತ್ತಿತ್ತು. ನನ್ನ ಮುಖ ನೋಡಿ, ದನಿ ಏರಿಸದೆ, "ನಾನು ನಿನ್ನ ಆಂಟಿ ಅಲ್ಲ. ಮಿಸೆಸ್ ಅಂತ ಕರಿ" ಅಂದರು. ನನಗೆ ಅಳುವೇ ಬಂತು. ಎರಡು ತಿಂಗಳು ಅವರ ಮೇಜಿನ ಕಡೆ ಹೋಗಲಿಲ್ಲ.

ಆಮೇಲೆ ಒಂದು ದಿನ ಕಾರು ನಿಲ್ಲಿಸುವ ಜಾಗದಲ್ಲಿ ಅವರ ಮಗಳು ನನಗೆ ಬಿಡಿಸಿ ಹೇಳಿದಳು. ಈ ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರು ಕಪ್ಪು ಹೆಂಗಸರನ್ನು ಮಿಸೆಸ್ ಅಂತ ಕರೆಯುತ್ತಿರಲಿಲ್ಲ. ಆ ಮರ್ಯಾದೆ ಬಿಳಿಯರಿಗೆ ಮಾತ್ರ. ವಯಸ್ಸಾದ ಅಡುಗೆಯವಳು, ಮಕ್ಕಳನ್ನು ಸಾಕಿದವಳು, ಯಾರೇ ಇರಲಿ, ‘ಆಂಟಿ’. ಗಂಡಸಾದರೆ ‘ಅಂಕಲ್’, ಇಲ್ಲವೇ ಅರವತ್ತು ದಾಟಿದ್ದರೂ ‘ಬಾಯ್’. ಈ ಅಮ್ಮನ ತಾಯಿ ಮೂವತ್ತು ವರ್ಷ ಬೇರೆಯವರ ಅಡುಗೆಮನೆಯಲ್ಲಿ ಆ ಹೆಸರಿಗೇ ಓಗೊಟ್ಟವರು. ನಾನು ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. "ನಿನಗೆ ಗೊತ್ತಿರಲಿಲ್ಲ. ಈಗ ಗೊತ್ತಾಯಿತಲ್ಲ" ಅಂದರು, ಅಷ್ಟೇ. ಅದಕ್ಕೇ ಹೇಳುತ್ತೇನೆ, ಮೊದಲ ದಿನವೇ ಕೇಳಿ: ನಿಮ್ಮನ್ನು ಏನಂತ ಕರೀಲಿ?

ಎರಡನೇ ತಪ್ಪು ಇದಕ್ಕಿಂತ ದೊಡ್ಡದು. ಬುಧವಾರ ಸಂಜೆ ಹತ್ತು ಹನ್ನೆರಡು ಜನ ಕೂತು ಬಣ್ಣದ ಭೇದದ ಬಗ್ಗೆ ಮನಬಿಚ್ಚಿ ಮಾತಾಡುವ ಕೂಟ ಇತ್ತು. ನನ್ನ ಸರದಿ ಬಂದಾಗ, "ನಾವು ಎರಡು ಸೂಟ್‌ಕೇಸ್ ಹಿಡಿದು ಬಂದವರು. ಯಾರನ್ನೂ ದೂರಲಿಲ್ಲ, ದುಡಿದೆವು, ಮನೆ ತಗೊಂಡೆವು" ಅಂದೆ. ಕೆಲವು ಬಿಳಿಯರು ತಲೆಯಾಡಿಸಿದರು. ನನಗೆ ಖುಷಿಯಾಯಿತು, ಅದನ್ನು ನೆನೆದರೆ ಈಗಲೂ ಮೈ ಬಿಸಿಯಾಗುತ್ತದೆ. ಎದುರಿಗಿದ್ದ ಹಿರಿಯರೊಬ್ಬರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ತಂದೆ ಎರಡನೇ ಮಹಾಯುದ್ಧ ಮುಗಿಸಿ ಸೈನಿಕನ ಉಡುಪಿನಲ್ಲೇ ಬ್ಯಾಂಕಿಗೆ ಹೋಗಿದ್ದನ್ನು ಹೇಳಿದರು. ಕಪ್ಪು ಜನರ ಬೀದಿ ಅಂತ ಮನೆ ಸಾಲ ಸಿಗಲಿಲ್ಲ.

ಆ ರಾತ್ರಿ ಕೂತು ಓದಿದೆ. 1946ರ ಕಾನೂನಿನ ಪ್ರಕಾರ ಇಡೀ ಭಾರತದಿಂದ ವರ್ಷಕ್ಕೆ ನೂರು ಜನ ಮಾತ್ರ ವಲಸೆ ಬರಬಹುದಿತ್ತು. ಹೊಸ ವಲಸೆ ಕಾನೂನಿನಿಂದ ಬಾಗಿಲು ತೆರೆದದ್ದು 1965ರ ಅಕ್ಟೋಬರಿನಲ್ಲಿ. ಅದೇ ವರ್ಷ ಮಾರ್ಚಿನಲ್ಲಿ ಅಲಬಾಮಾ ರಾಜ್ಯದ ಸೆಲ್ಮಾ ಊರಿನ ಸೇತುವೆ ಮೇಲೆ ಓಟಿನ ಹಕ್ಕು ಕೇಳಿದ ಕಪ್ಪು ಜನ ಪೊಲೀಸರ ಲಾಠಿ ಏಟು ತಿಂದಿದ್ದರು. ಬಣ್ಣ, ಕುಲ ನೋಡಿ ಕಾನೂನು ಮಾಡುವುದು ತಪ್ಪು ಅಂತ ಈ ದೇಶ ಒಪ್ಪಿಕೊಳ್ಳುವಂತೆ ಮಾಡಿದ್ದು ಅವರ ಹೋರಾಟ. ಆ ಬಾಗಿಲಿನಿಂದಲೇ ಅಲ್ವಾ ನಾವು ಒಳಗೆ ಬಂದದ್ದು? ದೇವರಿಗೆ, ಕಂಪನಿಗೆ ಥ್ಯಾಂಕ್ಸ್ ಹೇಳಿದ್ದೆ. ಇವರನ್ನು ನೆನೆದಿರಲೇ ಇಲ್ಲ.

ಚರ್ಚುಗಳೂ ಈ ಪಾಪದಿಂದ ಹೊರತಲ್ಲ. ಗುಲಾಮರನ್ನು ಇಟ್ಟುಕೊಂಡವರೂ ಮಿಷನರಿಗಳಾಗಬಹುದು ಎಂಬ ಹಠದಿಂದ 1845ರಲ್ಲಿ ಇದೇ ಜಾರ್ಜಿಯಾ ರಾಜ್ಯದ ಆಗಸ್ಟಾದಲ್ಲಿ ಸದರ್ನ್ ಬ್ಯಾಪ್ಟಿಸ್ಟರು ಉತ್ತರದ ಬ್ಯಾಪ್ಟಿಸ್ಟರಿಂದ ಬೇರೆಯಾದರು. ಅವರು ಅಟ್ಲಾಂಟಾದಲ್ಲಿ ಸೇರಿ ಅದಕ್ಕೆ ಕ್ಷಮೆ ಕೇಳಿದ್ದು 1995ರಲ್ಲಿ.

ನಗರದೊಳಗೆ ಎಬೆನೇಜರ್ ಚರ್ಚಿದೆ, ಮಾರ್ಟಿನ್ ಲೂಥರ್ ಕಿಂಗ್ ಸಭಾಪಾಲಕರಾಗಿದ್ದ ಚರ್ಚು. ಮಕ್ಕಳನ್ನು ಕರೆದುಕೊಂಡು ಹೋಗಿ. 1965ರ ಜುಲೈ 4ರಂದು ಅಲ್ಲಿ ಕೊಟ್ಟ ಪ್ರಸಂಗದಲ್ಲಿ ಅವರು ತಮ್ಮ 1959ರ ಭಾರತ ಪ್ರವಾಸ ನೆನೆದರು. ತಿರುವನಂತಪುರದ ದಲಿತ ಮಕ್ಕಳ ಶಾಲೆಯಲ್ಲಿ ಅವರನ್ನು ‘ಅಮೆರಿಕದಿಂದ ಬಂದ ನಮ್ಮಂತೆಯೇ ಅಸ್ಪೃಶ್ಯ’ ಅಂತ ಪರಿಚಯಿಸಿದರಂತೆ. ಮೊದಲು ಬೇಜಾರಾಯಿತಂತೆ, ಆಮೇಲೆ ಹೌದು, ನಾನು ಅಸ್ಪೃಶ್ಯನೇ ಅಂತ ಅನಿಸಿತಂತೆ. ಓದಿದಾಗ ನನಗೆ ನಮ್ಮೂರ ಚರ್ಚಿನೊಳಗೆ ಎಲ್ಲರ ಹಿಂದೆ ಹಾಸಿರುತ್ತಿದ್ದ ಚಾಪೆ ಕಣ್ಣಮುಂದೆ ಬಂತು. ಆ ಚಾಪೆ ಮೇಲೆ ಯಾರು ಕೂರುತ್ತಿದ್ದರು ಅಂತ ಎಲ್ಲರಿಗೂ ಗೊತ್ತಿತ್ತು. ದೀಕ್ಷಾಸ್ನಾನದಲ್ಲಿ ಬಿಟ್ಟ ಜಾತಿ ಮದುವೆ ಮಾತಿನಲ್ಲಿ ವಾಪಸ್ ಬರುತ್ತಿತ್ತು. ಕ್ರಿಸ್ತನು ಅಡ್ಡಗೋಡೆ ಕೆಡವಿದ ಅಂತ ಎಫೆಸದವರಿಗೆ ಬರೆದ ಪತ್ರದಿಂದ ಓದುತ್ತಲೇ ನಾವು ಆ ಗೋಡೆಯನ್ನು ಕಾಪಾಡಿಕೊಂಡು ಬಂದೆವು. ಇಲ್ಲಿಗೂ ತಂದೆವು.

ಮಗಳಿಗೆ ಒಂಬತ್ತು ವರ್ಷ ಆಗ. ಸಂಡೇ ಸ್ಕೂಲಿನ ಗೆಳತಿ ಮನೆಗೆ ಬಂದಿದ್ದಳು, ಕಪ್ಪು ಹುಡುಗಿ, ಸೋಫಾ ಮೇಲೆ ಕಾಲು ಮಡಚಿ ಕೂತು ಕೋಡುಬಳೆ ತಿನ್ನುತ್ತಿದ್ದಳು. ಇಬ್ಬರೂ ಹೊರಗೆ ಆಡಲು ಎದ್ದರು. ನಾನು ಒಳಗಿನಿಂದಲೇ "ಬಿಸಿಲಿಗೆ ಹೋಗ್ಬೇಡ, ಕಪ್ಪಾಗ್ತೀಯ" ಅಂತ ಕೂಗಿದೆ. ಅಮ್ಮ ಏನಂದರು ಅಂತ ಆ ಹುಡುಗಿ ಕೇಳಿದಳು. ಮಗಳು ನನ್ನ ಮುಖ ನೋಡಿದಳು, ಆಮೇಲೆ ಸುಮ್ನೆ "ನೀರು ಕುಡಿಬೇಕಂತೆ" ಅಂತ ಇಂಗ್ಲಿಷಿನಲ್ಲಿ ಹೇಳಿದಳು. ಅವತ್ತಿನಿಂದ ತುಂಬಾ ದಿನ ನನ್ನ ಜೊತೆ ಕನ್ನಡದಲ್ಲಿ ಮಾತಾಡಲಿಲ್ಲ. ಮಕ್ಕಳು ಕನ್ನಡ ಬಿಟ್ಟರು ಅಂತ ಕೊರಗುತ್ತೇವಲ್ಲ, ಅವರ ಕಿವಿಗೆ ನಾವು ಎಂಥ ಕನ್ನಡ ಹಾಕಿದೆವು ಅಂತಲೂ ಕೇಳಿಕೊಳ್ಳಬೇಕು.

ಚರ್ಚಿನ ಕೆಲಸಕ್ಕೆ ಬಂದರೆ, ಗೋಡೆ ತುಂಬ ಎಲ್ಲ ದೇಶದ ಬಾವುಟ ನೇತುಹಾಕಿ ಊಟಕ್ಕೆ ಚಿತ್ರಾನ್ನ ಇಟ್ಟರೆ ಸಭೆ ಒಂದಾಗುವುದಿಲ್ಲ. ಅಪೊಸ್ತಲರ ಕೃತ್ಯಗಳ ಆರನೇ ಅಧ್ಯಾಯ ಓದಿ. ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಪಾಲು ಸರಿಯಾಗಿ ಸಿಗುತ್ತಿಲ್ಲ ಅಂತ ದೂರು ಬಂತು. ಅದಕ್ಕಾಗಿ ಆರಿಸಿದ ಏಳು ಜನರ ಹೆಸರೂ ಗ್ರೀಕ್ ಹೆಸರೇ. ನೊಂದವರ ಕಡೆಯವರ ಕೈಗೇ ಹಂಚುವ ಅಧಿಕಾರ ಕೊಟ್ಟರು. ನಮ್ಮ ಸಭೆಯಲ್ಲೂ ಹಣಕಾಸಿನ ಸಮಿತಿ ವರ್ಷಗಟ್ಟಲೆ ಬಿಳಿಯರದ್ದೇ ಆಗಿತ್ತು. ಅದು ಬದಲಾದ ವರ್ಷ ಆರು ಕುಟುಂಬ ಬಿಟ್ಟು ಹೋದವು. ನೋವಾಯಿತು, ನನ್ನ ಒಳ್ಳೆಯ ಗೆಳತಿಯೂ ಹೋದಳು. ಆದರೂ ಆ ಬದಲಾವಣೆ ಆಗಲೇಬೇಕಿತ್ತು.

ಕಳೆದುಕೊಂಡದ್ದೂ ಇದೆ, ಮುಚ್ಚಿಡುವುದಿಲ್ಲ. ಕನ್ನಡದಲ್ಲಿ ಎಲ್ಲರೂ ಒಟ್ಟಿಗೆ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಅನ್ನುವ ಆ ದನಿ ಇಲ್ಲಿಲ್ಲ. ಕೊಯ್ಲಿನ ಹಬ್ಬಕ್ಕೆ ಕುಂಬಳಕಾಯಿ ಹರಾಜು ಕೂಗುವವರಿಲ್ಲ. ಈಗ ತಿಂಗಳಿಗೊಮ್ಮೆ ಕರ್ತನ ಪ್ರಾರ್ಥನೆಯನ್ನು ಅವರವರ ಭಾಷೆಯಲ್ಲಿ ಹೇಳುತ್ತೇವೆ. ನಾನು, ನನ್ನ ಗಂಡ, ಇಬ್ಬರೇ ಕನ್ನಡದಲ್ಲಿ. ಹೋದ ತಿಂಗಳು ಮಗಳು ಪಕ್ಕ ನಿಂತು ಅರ್ಧದವರೆಗೆ ದನಿ ಸೇರಿಸಿದಳು.

ತಿಂಗಳ ಮೊದಲ ಭಾನುವಾರ ಊಟ ಇರುತ್ತದೆ. ಬರುವಾಗ ಇಪ್ಪತ್ತು ಜನಕ್ಕೆ ಆಗುವಷ್ಟು ಅನ್ನ ತನ್ನಿ, ಖಾರ ಕಮ್ಮಿ ಇರಲಿ. ನಮ್ಮವರು ಎಲ್ಲಿದ್ದಾರೆ ಅಂತ ಹುಡುಕಬೇಡಿ, ನಾವು ಒಂದೇ ಮೇಜಿಗೆ ಸೇರುವುದಿಲ್ಲ. ಸೊಪ್ಪು ಬಡಿಸುವ ಮದರ್ (ಇಲ್ಲಿನ ಕಪ್ಪು ಜನರ ಸಭೆಗಳಲ್ಲಿ ಹಿರಿಯಮ್ಮನನ್ನು ಗೌರವದಿಂದ ಹಾಗೆ ಕರೆಯುತ್ತಾರೆ) ಬಾಗಿಲ ಹತ್ತಿರ ಕೂತಿರುತ್ತಾರೆ, ಅವರ ಪಕ್ಕದ ಕುರ್ಚಿ ಸಾಮಾನ್ಯವಾಗಿ ಖಾಲಿ ಇರುತ್ತದೆ.